ಮೊದಲ ಐನೂರು ಮೀಟರ್‌ನಲ್ಲಿ ಖರ್ಚು ಮಾಡಬೇಡಿ: ರೋಯಿಂಗ್ ಮಷೀನ್ ರೇಸಿಗೆ ತಯಾರಿ

ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕೇ ನಾಲ್ಕು ಅಂಕಿಗಳಿವೆ. 2:08, 2:24, 2:41, 2:33. ಕೂತಲ್ಲೇ ದೋಣಿಗೆ ಹುಟ್ಟು ಹಾಕಿದ ಹಾಗೆ ಹ್ಯಾಂಡಲ್ ಎಳೆಯುವ ರೋಯಿಂಗ್ ಮಷೀನಿನ ಮೇಲೆ, ನನ್ನ ಮೊದಲ 2000 ಮೀಟರ್ ರೇಸಿನಲ್ಲಿ ಪ್ರತಿ 500 ಮೀಟರ್‌ಗೆ ನಾನು ತೆಗೆದುಕೊಂಡ ಸಮಯ ಅದು. ಒಟ್ಟು 9 ನಿಮಿಷ 46 ಸೆಕೆಂಡ್. ಅದಕ್ಕೆ ಮೂರು ವಾರ ಮೊದಲು, ನಮ್ಮ ಮನೆ ಹಾಲ್‌ನಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗ 9:26ಕ್ಕೆ ಮುಗಿಸಿದ್ದೆ. ರೇಸಿನ ದಿನ 20 ಸೆಕೆಂಡ್ ಹಿಂದೆ ಬಿದ್ದೆ. ಕಾಲಲ್ಲಿ ಶಕ್ತಿ ಇರಲಿಲ್ಲ ಅಂತಲ್ಲ. ಇದ್ದ ಶಕ್ತಿಯನ್ನೆಲ್ಲ ಮೊದಲ ಎರಡು ನಿಮಿಷದಲ್ಲೇ ಸುರಿದುಬಿಟ್ಟಿದ್ದೆ.

ಹದಿನಾಲ್ಕು ತಿಂಗಳ ನಂತರ ಅದೇ ದೂರವನ್ನು 8:52ಕ್ಕೆ ಮುಗಿಸಿದೆ. ಆ ಪುಟದಲ್ಲಿರುವುದು 2:14.4, 2:14.1, 2:13.3, 2:10.2. ಈ ಎರಡು ಪುಟಗಳ ನಡುವೆ ಏನೇನು ಮಾಡಿದೆ, ಏನು ಬಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ 47 ವರ್ಷ. ಬೆಂಗಳೂರಿನ ರಾಜಾಜಿನಗರದಲ್ಲಿ ಮನೆ. ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ 22 ವರ್ಷದಿಂದ ಕೂತಿದ್ದೇನೆ. ತೂಕ 58 ಕೆಜಿ. ಈ ಆಟದಲ್ಲಿ ಹೆಂಗಸರ ಲೈಟ್‌ವೇಟ್ ಮಿತಿ 61.5 ಕೆಜಿ, ಗಂಡಸರದು 75 ಕೆಜಿ. ಹಾಗಾಗಿ ನಾನು ಲೈಟ್‌ವೇಟ್‌ನಲ್ಲೇ ಎಳೆಯುತ್ತೇನೆ. ಮನೆ, ಡ್ಯೂಟಿ, ಅಡುಗೆ ಎಲ್ಲದರ ನಡುವೆ ರೇಸಿಗೆ ತಯಾರಾಗಬೇಕು ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಹಿಂದೆ ಯಾವಾಗಲಾದರೂ ಸೊಂಟ ಹಿಡಿದುಕೊಂಡವರು ಡಾಕ್ಟರ ಹತ್ತಿರ ತೋರಿಸಿಕೊಂಡೇ ಶುರು ಮಾಡಿ. ನಾನು ಇಸಿಜಿ ಮಾಡಿಸಿಕೊಂಡ ಮೇಲೇ ಹ್ಯಾಂಡಲ್ ಮುಟ್ಟಿದ್ದು.

ಲೆಕ್ಕ

ಮಷೀನಿನ ಪರದೆಯಲ್ಲಿ ದೊಡ್ಡದಾಗಿ ಕಾಣುವ ಅಂಕಿಗೆ ಸ್ಪ್ಲಿಟ್ ಅನ್ನುತ್ತಾರೆ. ಈಗಿನ ವೇಗದಲ್ಲೇ ಹೋದರೆ 500 ಮೀಟರ್‌ಗೆ ಎಷ್ಟು ಹೊತ್ತು ಬೇಕು ಅಂತ ಅದು ಹೇಳುತ್ತದೆ. ಅಂಕಿ ಇಳಿದಷ್ಟೂ ವೇಗ ಜಾಸ್ತಿ.

ಈ ಅಂಕಿಯನ್ನು ಒಂದಿಷ್ಟು ಇಳಿಸಬೇಕಾದರೆ ಕೊಡಬೇಕಾದ ಬೆಲೆ ಒಂದಿಷ್ಟು ಅಲ್ಲ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎಂಟರಷ್ಟು ಬೇಕು. ವೇಗ ಶೇಕಡ 1ರಷ್ಟು ಏರಬೇಕಾದರೆ ಶಕ್ತಿ ಶೇಕಡ 3ರಷ್ಟು ಏರಬೇಕು. ಮಷೀನ್ ಇದನ್ನು ವ್ಯಾಟ್‌ನಲ್ಲೂ ತೋರಿಸುತ್ತದೆ. 2:20ರಲ್ಲಿ ಎಳೆಯಲು ಸುಮಾರು 128 ವ್ಯಾಟ್ ಬೇಕು. 2:08ಕ್ಕೆ 167 ವ್ಯಾಟ್. ನೋಡುವುದಕ್ಕೆ ಬರೀ 12 ಸೆಕೆಂಡ್. ಖರ್ಚು ಮಾತ್ರ ಶೇಕಡ 30 ಜಾಸ್ತಿ.

ಮೊದಲ ರೇಸಿನಲ್ಲಿ ನನ್ನ ಗುರಿ 2:20. ಶುರುವಿನಲ್ಲಿ ಎಳೆದದ್ದು 2:08. 128 ರೂಪಾಯಿ ಸಂಪಾದನೆಯವಳು 167 ರೂಪಾಯಿ ಖರ್ಚು ಮಾಡಿದ ಹಾಗೆ. ಮೊದಲ 500ರಲ್ಲಿ 12 ಸೆಕೆಂಡ್ ಉಳಿಸಿದೆ. ಮುಂದಿನ ಮೂರರಲ್ಲಿ 38 ಸೆಕೆಂಡ್ ಕಳೆದುಕೊಂಡೆ. ದಿನವೆಲ್ಲ ಬೇರೆಯವರ ದುಡ್ಡು ಎಣಿಸುವ ನನಗೆ ಈ ಲೆಕ್ಕ ಕಾಗದದ ಮೇಲೆ ಕಂಡ ದಿನ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ನಾನು ಮಾಡಿದ ತಯಾರಿಯೆಲ್ಲ ಈ ಒಂದು ತಪ್ಪನ್ನು ತಿದ್ದುವುದಕ್ಕೇ.

ಲೋಕದ ಅತಿ ಬಲಶಾಲಿಗಳಿಗೂ ಇದೇ ಲೆಕ್ಕ. ನ್ಯೂಜಿಲೆಂಡಿನ ರಾಬ್ ವಾಡೆಲ್ 2008ರಲ್ಲಿ 2000 ಮೀಟರನ್ನು 5:36.6ಕ್ಕೆ ಮುಗಿಸಿದರು. ಅದನ್ನು ಮುರಿದದ್ದು ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್, 2018ರಲ್ಲಿ, 5:35.8. ಹತ್ತು ವರ್ಷಕ್ಕೆ 0.8 ಸೆಕೆಂಡ್! ಆ ವೇಗಕ್ಕೆ ಸುಮಾರು 590 ವ್ಯಾಟ್ ಬೇಕು. ಅಂಥಾ ಕಡೆ ಒಂದು ವ್ಯಾಟ್ ಕೂಡ ದಂಡವಾಗಬಾರದು, ಅಲ್ವಾ?

ಮಷೀನನ್ನು ಸರಿ ಮಾಡಿಕೊಳ್ಳುವುದು

ರೇಸುಗಳಲ್ಲಿ ಸಾಮಾನ್ಯವಾಗಿ ಇರುವುದು ಕಾನ್ಸೆಪ್ಟ್2 ಮಷೀನು. ಅಮೆರಿಕದ ವರ್ಮಾಂಟ್‌ನಲ್ಲಿ ಡ್ರೈಸಿಗ್ಯಾಕರ್ ಸಹೋದರರು 1981ರಲ್ಲಿ ಮಾಡಿದ ಮೊದಲ ಮಷೀನಿಗೆ ಇದ್ದದ್ದು ಸೈಕಲ್ ಚಕ್ರ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ದೋಣಿಯವರು ಒಳಗೇ ಅಭ್ಯಾಸ ಮಾಡಲಿ ಅಂತ ಬಂದದ್ದು, ಬೋಸ್ಟನ್‌ನಲ್ಲಿ ಅದರದೇ ಪಂದ್ಯವಾಯಿತು. 2018ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಮೊದಲ ವಿಶ್ವ ಇಂಡೋರ್ ರೋಯಿಂಗ್ ಚಾಂಪಿಯನ್‌ಶಿಪ್ ನಡೆಯಿತು. ನಮ್ಮಲ್ಲೂ ರೋಯಿಂಗ್ ಫೆಡರೇಷನ್ ರಾಷ್ಟ್ರೀಯ ಇಂಡೋರ್ ಪಂದ್ಯ ನಡೆಸುತ್ತದೆ. ಮನೆಯಿಂದಲೇ ಎಳೆದು ಸಮಯ ದಾಖಲಿಸುವವರಿಗೆ ಕಾನ್ಸೆಪ್ಟ್2 ಲಾಗ್‌ಬುಕ್ಕಿನಲ್ಲಿ ವಯಸ್ಸು, ತೂಕದ ಪ್ರಕಾರ ರ್‍ಯಾಂಕಿಂಗ್ ಇದೆ. ಅದರ ವರ್ಷ ಮೇ 1ಕ್ಕೆ ಶುರುವಾಗಿ ಏಪ್ರಿಲ್ 30ಕ್ಕೆ ಮುಗಿಯುತ್ತದೆ.

ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಗುರುತಿರುವ ಒಂದು ಸಣ್ಣ ಹಿಡಿ ಇದೆ. ಅದೇ ಡ್ಯಾಂಪರ್. ಜಿಮ್‌ಗೆ ಹೋದರೆ ಯಾವಾಗಲೂ ಅದು 10ರಲ್ಲಿರುತ್ತದೆ. 10 ಅಂದರೆ ಜಾಸ್ತಿ ಕಷ್ಟ, ಜಾಸ್ತಿ ಕಷ್ಟ ಅಂದರೆ ಜಾಸ್ತಿ ಲಾಭ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಗೇರ್ ಇದ್ದ ಹಾಗೆ. 10ರಲ್ಲಿ ಎಳೆಯುವುದು ಟಾಪ್ ಗೇರ್‌ನಲ್ಲಿ ಸೈಕಲ್ ಹತ್ತಿ ದಿಣ್ಣೆ ಏರಿದಂತೆ. ಸೊಂಟ ಮೊದಲು ಸೋಲುತ್ತದೆ.

ನೀವು ನೋಡಬೇಕಾದದ್ದು ಡ್ಯಾಂಪರ್ ಅಂಕಿಯನ್ನಲ್ಲ, ಡ್ರ್ಯಾಗ್ ಫ್ಯಾಕ್ಟರನ್ನು, ಅಂದರೆ ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಅಂತ ಹೇಳುವ ಅಂಕಿಯನ್ನು. ಪರದೆಯ ಮೆನುವಿನಲ್ಲಿ ‘ಮೋರ್ ಆಪ್ಷನ್ಸ್’ ಒಳಗೆ ‘ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್’ ಒತ್ತಿ ಹತ್ತು ಸಲ ಎಳೆಯಿರಿ. ಅಂಕಿ ಬರುತ್ತದೆ. ನನ್ನಂಥ ಹಗುರ ಮೈಯವರಿಗೆ 105ರಿಂದ 115 ಸಾಕು. ದೊಡ್ಡ ಆಳುಗಳು 120, 130 ಇಟ್ಟುಕೊಳ್ಳುತ್ತಾರೆ.

ಇದು ಯಾಕೆ ಮುಖ್ಯ ಅಂತ ನನಗೆ ಅರ್ಥವಾದದ್ದು ಮಂಗಳೂರಿನಲ್ಲಿ. ತಂಗಿ ಮನೆಗೆ ಹೋದಾಗ ಅಲ್ಲಿನ ಜಿಮ್‌ನಲ್ಲಿ ಅಭ್ಯಾಸಕ್ಕೆ ಕೂತೆ. ಮನೆಯಲ್ಲಿದ್ದ ಹಾಗೇ ಡ್ಯಾಂಪರ್ 4ಕ್ಕೆ ಇಟ್ಟೆ. ಹ್ಯಾಂಡಲ್ ಭಾರ ಅನ್ನಿಸಿತು. ನೋಡಿದರೆ ಡ್ರ್ಯಾಗ್ 119. ಮನೆಯಲ್ಲಿ 4ಕ್ಕೆ 108 ಬರುತ್ತಿತ್ತು. ಈ ಚಕ್ರ ತಿರುಗುವುದು ಗಾಳಿಯನ್ನು ತಳ್ಳಿಕೊಂಡು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಕಡಲ ತೀರದಲ್ಲಿ ಗಾಳಿ ದಟ್ಟ. ಬೇರೆ ಊರಿಗೆ ರೇಸಿಗೆ ಹೋದರೆ ಮೊದಲು ಡ್ರ್ಯಾಗ್ ನೋಡಿ, ನಿಮ್ಮ ಅಂಕಿಗೆ ತಂದುಕೊಳ್ಳಿ. ಇದರಿಂದ ಸಮಯದಲ್ಲಿ ಯಾರಿಗೂ ಮೋಸವಾಗುವುದಿಲ್ಲ. ಪ್ರತಿ ಎಳೆತದ ನಡುವೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಅಂತ ಅಳೆದೇ ಮಷೀನ್ ಲೆಕ್ಕ ಹಾಕುತ್ತದೆ. ಬದಲಾಗುವುದು ನಿಮ್ಮ ಮೈಗೆ ಆಗುವ ಅನುಭವ ಮಾತ್ರ. ಅಂದಹಾಗೆ, ಚಕ್ರದ ಜಾಲರಿಯಲ್ಲಿ ಧೂಳು ಕೂತರೂ ಡ್ರ್ಯಾಗ್ ಇಳಿಯುತ್ತದೆ. ನಮ್ಮ ರಸ್ತೆಯ ಧೂಳಿಗೆ ಎರಡು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಬೇಕೇ ಬೇಕು. ಸೀಟು ಓಡುವ ಕಂಬಿಯನ್ನು ದಿನಾ ಒರೆಸಿ. 50 ಗಂಟೆ ಎಳೆದ ಮೇಲೆ ಚೈನಿಗೆ ಎಣ್ಣೆ ಹಾಕಿ.

ಹೆಂಗಸರಿಗೆ ಇನ್ನೊಂದು ಮಾತು. ವೇಲ್ ಬೇಡ, ಉದ್ದದ ಕುರ್ತಾ ಬೇಡ. ಅಂಚು ಸೀಟಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಜಡೆಯನ್ನು ಮೇಲಕ್ಕೆ ಕಟ್ಟಿ.

ಎಳೆಯುವ ಕ್ರಮ

ನನ್ನದು ಬಾವಿ ಸೇದಿದ ಕೈ. ಚನ್ನರಾಯಪಟ್ಟಣದ ಹತ್ತಿರ ನಮ್ಮ ಊರು. ಮನೆ ಹಿಂದೆ 40 ಅಡಿ ಬಾವಿ. ಹತ್ತು ವರ್ಷದವಳಿದ್ದಾಗಿಂದ ದಿನಾ ಇಪ್ಪತ್ತು ಕೊಡ ಸೇದುತ್ತಿದ್ದೆ. ತೋಳಲ್ಲಿ ಶಕ್ತಿ ಇದೆ ಅಂತ ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೇ ಮಷೀನ್ ಎಳೆಯುತ್ತಿದ್ದೆ.

ನಮ್ಮ ಬೀದಿಯಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬ ಹವಾಲ್ದಾರರಿದ್ದಾರೆ. ಹಿಂದೆ ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಇದ್ದಾಗ ಹಲಸೂರು ಕೆರೆಯಲ್ಲಿ ಹುಟ್ಟು ಹಾಕಿದವರು. ಮೊದಲ ರೇಸಾದ ಮೇಲೆ ಅವರನ್ನು ಮನೆಗೆ ಕರೆದೆ. ಎರಡು ನಿಮಿಷ ನೋಡಿದರು. "ಏನಮ್ಮಾ, ನೀರು ಸೇದ್ತಾ ಇದ್ದೀಯಾ?" ಅಂದರು.

ನಿಜ, ಸೇದುತ್ತಲೇ ಇದ್ದೆ. ಹ್ಯಾಂಡಲ್ ಹಿಡಿದ ತಕ್ಷಣ ಮೊಣಕೈ ಮಡಚುತ್ತಿತ್ತು. ತೋಳು ಮೊದಲು ಕೆಲಸ ಮಾಡಿ, ಕಾಲು ಹಿಂದೆ ಬರುತ್ತಿತ್ತು. ಬಾವಿಯಲ್ಲಿ ಒಂದು ಕೊಡ ಮೇಲೆ ಬಂದರೆ ಕೆಲಸ ಮುಗಿಯಿತು. ಇಲ್ಲಿ ಒಂದೇ ಉಸಿರಿಗೆ 250 ಸಲ ಎಳೆಯಬೇಕು. ತೋಳಿನ ಸಣ್ಣ ಮಾಂಸಖಂಡ ಅಷ್ಟು ಹೊತ್ತು ತಡೆಯುವುದಿಲ್ಲ. ತೊಡೆ ತಡೆಯುತ್ತದೆ.

ಅವರು ಹೇಳಿಕೊಟ್ಟ ಕ್ರಮ ಇದು. ಮುಂದೆ ಬಂದು ಕೂತಾಗ ಮೊಣಕಾಲ ಕೆಳಗಿನ ಭಾಗ ನೆಟ್ಟಗೆ ಕಂಬದ ಹಾಗೆ ನಿಂತಿರಬೇಕು. ತೋಳು ಪೂರ್ತಿ ಚಾಚಿರಬೇಕು. ಸೊಂಟದಿಂದ ಮೇಲಿನ ಮೈ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಬೆನ್ನು ಗೂನಾಗಬಾರದು. ಈಗ ಪಾದದಿಂದ ನೂಕಿ. ಎಳೆಯುವುದಲ್ಲ, ನೂಕುವುದು. ಕೆಟ್ಟು ನಿಂತ ಕಾರನ್ನು ಬೆನ್ನು ಕೊಟ್ಟು ತಳ್ಳುತ್ತೀವಲ್ಲ, ಹಾಗೆ. ಕಾಲು ಬಹುಪಾಲು ನೀಳವಾದ ಮೇಲೆ ಮೈ ಹಿಂದಕ್ಕೆ ವಾಲಲಿ. ಕೊನೆಗೆ ತೋಳು ಮಡಚಿ ಹ್ಯಾಂಡಲ್ ಪಕ್ಕೆಲುಬಿನ ಕೆಳಗೆ ಬಂದು ಮುಟ್ಟಲಿ. ಕಾಲು, ಮೈ, ತೋಳು.

ವಾಪಸ್ಸು ಹೋಗುವಾಗ ಇದೇ ಉಲ್ಟಾ. ತೋಳು ಮೊದಲು ಚಾಚಬೇಕು, ಮೈ ಮುಂದೆ ಬಾಗಬೇಕು, ಹ್ಯಾಂಡಲ್ ಮೊಣಕಾಲು ದಾಟಿದ ಮೇಲೆ ಕಾಲು ಮಡಚಬೇಕು. ಮೊಣಕಾಲು ಬೇಗ ಎದ್ದರೆ ಹ್ಯಾಂಡಲ್ ಅದರ ಮೇಲೆ ಹತ್ತಿ ಇಳಿಯಬೇಕಾಗುತ್ತದೆ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ಚೈನನ್ನೇ ನೋಡಿ. ಅದು ಹೋಗುವಾಗ, ಬರುವಾಗ ಒಂದೇ ಗೆರೆಯಲ್ಲಿರಬೇಕು. ಅಲೆಯ ಹಾಗೆ ಏರಿಳಿದರೆ ಎಲ್ಲೋ ಕ್ರಮ ತಪ್ಪಿದೆ.

ಹಳೆ ಅಭ್ಯಾಸ ಬಿಡಿಸಲು ಹವಾಲ್ದಾರರು ಎರಡು ವಾರ ನನಗೆ ತೋಳು ಮಡಚಲು ಬಿಡಲಿಲ್ಲ. ದಿನಾ ಹದಿನೈದು ನಿಮಿಷ ಬರೀ ಕಾಲಿನಿಂದ ನೂಕಬೇಕು. ತೋಳು ಹಗ್ಗದ ಹಾಗೆ ಸುಮ್ನೆ ಚಾಚಿರಬೇಕು. ಹ್ಯಾಂಡಲನ್ನು ಮುಷ್ಟಿ ಬಿಗಿದು ಹಿಡಿಯಬಾರದು. ನೀರು ತುಂಬಿದ ಬಕೆಟ್ ಹಿಡಿಯುವಾಗ ಬೆರಳನ್ನು ಕೊಕ್ಕೆ ಮಾಡುತ್ತೀವಲ್ಲ, ಅಷ್ಟೇ. ಮೂರನೇ ವಾರ ಪೂರ್ತಿ ಎಳೆದಾಗ ಅದೇ ಶ್ರಮಕ್ಕೆ ಸ್ಪ್ಲಿಟ್ ನಾಲ್ಕು ಸೆಕೆಂಡ್ ಇಳಿದಿತ್ತು. ಅಂಗೈ ಬೊಬ್ಬೆಗಳೂ ಕಡಿಮೆಯಾದವು. ಬೊಬ್ಬೆ ಬಂದರೆ ಒಡೆಯಬೇಡಿ. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ, ಬೆಳಿಗ್ಗೆ ಹಚ್ಚಿದರೆ ಹ್ಯಾಂಡಲ್ ಜಾರುತ್ತದೆ.

ನಿಧಾನದ ಬೆಳಗುಗಳು

ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

2000 ಮೀಟರ್ ಎಂಟೊಂಬತ್ತು ನಿಮಿಷದ ಆಟ. ಇದರಲ್ಲಿ ಬೇಕಾಗುವ ಶಕ್ತಿಯ ಬಹುಪಾಲು ಉಸಿರಿನಿಂದ ಬರುವ ಆಮ್ಲಜನಕದಿಂದಲೇ ಹುಟ್ಟಬೇಕು. ಆ ಸಾಮರ್ಥ್ಯ ಬೆಳೆಯುವುದು ಏದುಸಿರು ಬಿಟ್ಟು ಎಳೆಯುವುದರಿಂದ ಮಾತ್ರವಲ್ಲ. ಮಾತಾಡುತ್ತಾ ಎಳೆಯುವಷ್ಟು ನಿಧಾನವಾಗಿ, ತುಂಬಾ ಹೊತ್ತು, ವಾರಗಟ್ಟಲೆ ಎಳೆಯುವುದರಿಂದ ಬೆಳೆಯುತ್ತದೆ.

ನಾನು ಮೊದಲ ಏಳು ತಿಂಗಳು ಏನು ಮಾಡುತ್ತಿದ್ದೆ ಗೊತ್ತಾ? ದಿನಾ 20 ನಿಮಿಷ ಜೋರಾಗಿ ಎಳೆದು, ಬೆವರು ಸುರಿಸಿಕೊಂಡು, ಆಯ್ತು ಅಂತ ಏಳುತ್ತಿದ್ದೆ. ನಿಧಾನವೂ ಅಲ್ಲ, ರೇಸಿನ ವೇಗವೂ ಅಲ್ಲ. ಮಧ್ಯದ ಒಂದು ಕಷ್ಟ. ಸುಸ್ತಾಗುತ್ತಿತ್ತು, ಸಮಯ ಇಳಿಯುತ್ತಿರಲಿಲ್ಲ.

ಈಗ ರೇಸಿಗೆ 16 ವಾರ ಇರುವಾಗ ಶುರು ಮಾಡುತ್ತೇನೆ. ಮೊದಲ ಎಂಟು ವಾರ ವಾರಕ್ಕೆ ನಾಲ್ಕು ದಿನ, ನಾಲ್ಕೂ ನಿಧಾನ. ಎರಡು ದಿನ 8000 ಮೀಟರ್, ಒಂದು ದಿನ 30 ನಿಮಿಷ, ಭಾನುವಾರ 10,000 ಮೀಟರ್. ಸ್ಪ್ಲಿಟ್ ಎಷ್ಟಿರಬೇಕು ಅಂದರೆ, ನಿಮ್ಮ 2000ದ ಸ್ಪ್ಲಿಟ್‌ಗೆ 20 ಸೆಕೆಂಡ್ ಕೂಡಿಸಿ. ನನ್ನದು 2:13. ಹಾಗಾಗಿ ನಿಧಾನದ ದಿನ 2:33ರಿಂದ 2:36. ಅದಕ್ಕಿಂತ ವೇಗ ಹೋದರೆ ಆ ದಿನ ಸೋತೆ ಅಂತಲೇ ಬರೆದುಕೊಳ್ಳುತ್ತೇನೆ.

ಸ್ಟ್ರೋಕ್ ರೇಟ್, ಅಂದರೆ ನಿಮಿಷಕ್ಕೆ ಎಷ್ಟು ಎಳೆತ, ಅದು 18ರಿಂದ 20 ಇರಲಿ. ನೂಕುವುದು ಚುರುಕಾಗಿ, ವಾಪಸ್ಸು ಹೋಗುವುದು ಅದರ ಎರಡರಷ್ಟು ಹೊತ್ತು. ಮನಸ್ಸಿನಲ್ಲಿ ‘ಒಂದು’ ಅಂತ ನೂಕಿ, ‘ಎರಡು, ಮೂರು’ ಅಂತ ಹೋಗಿ. ರೇಟ್ 20ರಲ್ಲಿ 2:35 ಎಳೆದರೆ ಒಂದು ಎಳೆತಕ್ಕೆ 9.7 ಮೀಟರ್ ಸಿಗುತ್ತದೆ. ರೇಸಿನಲ್ಲಿ ರೇಟ್ 28 ಇಟ್ಟಾಗ ಸಿಗುವುದು 8 ಮೀಟರ್ ಅಷ್ಟೇ. ಒಂದೊಂದು ಎಳೆತವನ್ನೂ ಪೂರ್ತಿ ಮಾಡುವುದು ಮೈಗೆ ಕೂರುವುದು ಈ ನಿಧಾನದಲ್ಲೇ.

ಐದು ಗಂಟೆಗೆ ಏಳುತ್ತೇನೆ. ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ನೀರು. ಮಷೀನಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ್ದೇನೆ, ನಾವಿರುವುದು ಎರಡನೇ ಮಹಡಿ, ಕೆಳಗಿನವರಿಗೆ ನಿದ್ದೆ ಕೆಡಬಾರದು. ಚಕ್ರದ ಸದ್ದು ಮೊದಲು ಹುಶ್ ಅನ್ನುತ್ತದೆ, ಆಮೇಲೆ ಹಾಗೇ ಕರಗುತ್ತದೆ, ಮತ್ತೆ ಹುಶ್. ಎರಡು ಸದ್ದಿನ ನಡುವಿನ ಅಂತರ ಒಂದೇ ಸಮ ಇದೆಯಾ ಅಂತ ಕೇಳುತ್ತಾ ಇರುತ್ತೇನೆ. ಒಂದು ತಿಂಗಳಾದ ಮೇಲೆ ಪರದೆ ಮೇಲೆ ಟವೆಲ್ ಹೊದಿಸಿ ಎಳೆಯಲು ಶುರು ಮಾಡಿದೆ. ಐದು ನಿಮಿಷಕ್ಕೊಮ್ಮೆ ಟವೆಲ್ ಎತ್ತುವ ಮುಂಚೆ ‘ಈಗ 2:35 ಇರಬೇಕು’ ಅಂತ ಊಹೆ ಮಾಡುವುದು. ಮೊದಮೊದಲು ಆರು ಸೆಕೆಂಡ್ ತಪ್ಪುತ್ತಿತ್ತು. ಎಂಟನೇ ವಾರದ ಹೊತ್ತಿಗೆ ಒಂದು ಸೆಕೆಂಡ್ ಒಳಗೆ ಬಂತು. ನೋಟಿನ ಕಂತೆ ಕೈಗೆ ಬಂದಾಗ ಎಣಿಸುವ ಮುಂಚೆಯೇ ಒಂದು ನೋಟು ಕಡಿಮೆ ಇದೆ ಅಂತ ಬೆರಳಿಗೆ ತಿಳಿಯುತ್ತದೆ. ಹಾಗೆಯೇ ವೇಗ ಕಾಲಿಗೆ ತಿಳಿಯಬೇಕು. ರೇಸಿನ ಗಲಾಟೆಯಲ್ಲಿ ಕೈ ಹಿಡಿಯುವುದು ಇದೇ. ಇಡೀ ಬರಹದಲ್ಲಿ ಒಂದನ್ನು ಮಾತ್ರ ಮಾಡಿ ನೋಡುತ್ತೀರಾದರೆ ಈ ಟವೆಲ್ ಅಭ್ಯಾಸವನ್ನು ಮಾಡಿ.

ಜೋರಿನ ದಿನಗಳು

ಒಂಬತ್ತನೇ ವಾರದಿಂದ ನಾಲ್ಕರಲ್ಲಿ ಒಂದು ದಿನ ಜೋರು. ಹದಿಮೂರನೇ ವಾರದಿಂದ ಎರಡು ದಿನ. ಎರಡಕ್ಕಿಂತ ಜಾಸ್ತಿ ಬೇಡ.

ನಾನು ಮಾಡುವುದು ಎರಡೇ ಬಗೆ. ಒಂದು, 500 ಮೀಟರ್ ಎಂಟು ಸಲ, ನಡುವೆ ಮೂರೂವರೆ ನಿಮಿಷ ವಿಶ್ರಾಂತಿ. ಇದನ್ನು 2000ದ ಗುರಿಯ ಸ್ಪ್ಲಿಟ್‌ನಲ್ಲಿ ಎಳೆಯಬೇಕು. ಎರಡು, 1000 ಮೀಟರ್ ನಾಲ್ಕು ಸಲ, ನಡುವೆ ಐದು ನಿಮಿಷ. ಇದು ಗುರಿಗಿಂತ ಎರಡು ಸೆಕೆಂಡ್ ನಿಧಾನ. ಎರಡರಲ್ಲೂ ನಿಯಮ ಒಂದೇ: ಮೊದಲನೆಯದು ಎಲ್ಲಕ್ಕಿಂತ ನಿಧಾನ, ಕೊನೆಯದು ಎಲ್ಲಕ್ಕಿಂತ ವೇಗ. ಮೊದಲ 500 ಮುಗಿದಾಗ ‘ಇಷ್ಟೇನಾ?’ ಅನ್ನಿಸಬೇಕು. ಐದನೆಯದಕ್ಕೆ ಆ ಮಾತು ಬಾಯಲ್ಲಿರುವುದಿಲ್ಲ. ಏಳನೆಯದರಲ್ಲಿ ಸ್ಪ್ಲಿಟ್ ಕೈಬಿಟ್ಟು ಹೋದರೆ ಮುಂದಿನ ವಾರ ಒಂದು ಸೆಕೆಂಡ್ ನಿಧಾನಕ್ಕೆ ಶುರು ಮಾಡಿ. ಗುರಿಯನ್ನು ಬೈದುಕೊಂಡು ಪ್ರಯೋಜನವಿಲ್ಲ, ಅದು ನಿಮ್ಮ ಇವತ್ತಿನ ಸಂಪಾದನೆಗಿಂತ ದೊಡ್ಡದಿತ್ತು ಅಷ್ಟೇ.

ಗುರಿ ಎಷ್ಟಿರಬೇಕು ಅಂತ ತಿಳಿಯಲು ಪದೇ ಪದೇ 2000 ಎಳೆಯಬೇಡಿ. ಮೈಯೂ ಸೋಲುತ್ತದೆ, ಮನಸ್ಸೂ ಹೆದರುತ್ತದೆ. ಎಳೆಯುವವರ ನಡುವೆ ಒಂದು ಅಂದಾಜಿದೆ. ದೂರ ಎರಡರಷ್ಟಾದರೆ ಸ್ಪ್ಲಿಟ್ ಸುಮಾರು ಐದು ಸೆಕೆಂಡ್ ನಿಧಾನವಾಗುತ್ತದೆ. 1000 ಮೀಟರನ್ನು 2:09ರ ಸ್ಪ್ಲಿಟ್‌ನಲ್ಲಿ ಎಳೆದರೆ, 2000ಕ್ಕೆ 2:14 ಅಂತ ಇಟ್ಟುಕೊಳ್ಳಬಹುದು. ಎಲ್ಲರಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೆ ಗುರಿ ಗೊತ್ತು ಮಾಡಲು ಒಳ್ಳೆ ಶುರು.

ಕೊನೆಯ ವಾರ ದೂರವನ್ನು ಅರ್ಧ ಮಾಡಿ. ರೇಸಿನ ಹಿಂದಿನ ದಿನ ನಾನು ಬರೀ 3000 ಮೀಟರ್ ನಿಧಾನ ಎಳೆದು, ಮಧ್ಯೆ ಎರಡು ಸಲ ಹತ್ತು ಎಳೆತ ಮಾತ್ರ ರೇಸಿನ ವೇಗಕ್ಕೆ ಹೋಗುತ್ತೇನೆ.

ರೇಸು

ಮೂರು ಗಂಟೆ ಮೊದಲು ತಿನ್ನಿ. ನನಗೆ ಎರಡು ಇಡ್ಲಿ, ಸ್ವಲ್ಪ ತುಪ್ಪ, ದಿನಾ ಕುಡಿಯುವ ಕಾಫಿ. ಹೊಸದೇನನ್ನೂ ಆ ದಿನ ತಿನ್ನಬೇಡಿ. ಲೈಟ್‌ವೇಟ್‌ನಲ್ಲಿ ಎಳೆಯುವವರು ತೂಕಕ್ಕಾಗಿ ನೀರು ಬಿಟ್ಟು ಬರಬೇಡಿ. ವಾರಗಳ ಮೊದಲೇ ತೂಕ ಮಿತಿಯೊಳಗಿರಲಿ, ಇಲ್ಲ ಅಂದರೆ ಇನ್ನೊಂದು ವರ್ಗದಲ್ಲಿ ಎಳೆಯಿರಿ.

ಮೈ ಬಿಸಿ ಮಾಡಿಕೊಳ್ಳಲು 15 ನಿಮಿಷ ಬೇಕು. ಹತ್ತು ನಿಮಿಷ ಹಗುರಕ್ಕೆ, ಆಮೇಲೆ ಮೂರು ಸಲ ಹತ್ತತ್ತು ಎಳೆತ ರೇಸಿನ ವೇಗದಲ್ಲಿ. ಚಿಕ್ಕ ದೂರಕ್ಕೆ ಯಾಕೆ ಇಷ್ಟು ಅನ್ನಬೇಡಿ. ತಣ್ಣಗಿನ ಮೈಯಲ್ಲಿ ಶುರು ಮಾಡಿದರೆ ಮೂರನೇ ನಿಮಿಷಕ್ಕೇ ಎದೆ ಬಿಗಿಯುತ್ತದೆ.

ಮಷೀನುಗಳನ್ನು ಒಂದಕ್ಕೊಂದು ಜೋಡಿಸಿದ ರೇಸಿನಲ್ಲಿ ಪರದೆಯೇ ಆಜ್ಞೆ ಕೊಡುತ್ತದೆ. ಚಕ್ರ ಪೂರ್ತಿ ನಿಂತಿರಬೇಕು. ‘ಸಿಟ್ ರೆಡಿ’, ‘ಅಟೆನ್ಷನ್’, ‘ರೋ’. ಅದಕ್ಕೆ ಮುಂಚೆ ಹ್ಯಾಂಡಲ್ ಎಳೆದು ಚಕ್ರ ತಿರುಗಿಸಿದರೆ ಫಾಲ್ಸ್ ಸ್ಟಾರ್ಟ್. ಕೈ ನಡುಗುತ್ತಿದ್ದರೂ ಹ್ಯಾಂಡಲ್ ಅಲ್ಲಾಡದಂತೆ ಹಿಡಿದು ಕೂತಿರಿ.

ಮೊದಲ ಐದು ಎಳೆತ ಗಿಡ್ಡ ಮತ್ತು ಚುರುಕು. ಅರ್ಧ, ಅರ್ಧ, ಮುಕ್ಕಾಲು, ಪೂರ್ತಿ, ಪೂರ್ತಿ. ನಿಂತ ಚಕ್ರಕ್ಕೆ ವೇಗ ಬರಬೇಕಲ್ಲ. ಇನ್ನೈದು ಗಟ್ಟಿಯಾಗಿ. ಈ ಹತ್ತು ಎಳೆತಕ್ಕೆ ಮಾಂಸಖಂಡದಲ್ಲಿ ಕೂಡಿಟ್ಟ ಶಕ್ತಿ ಇರುತ್ತದೆ. ಅದು ಹತ್ತಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದ ಹನ್ನೊಂದನೇ ಎಳೆತಕ್ಕೆ ನಿಮ್ಮ ಗುರಿಯ ವೇಗಕ್ಕೆ ಇಳಿಯಲೇಬೇಕು.

ಇಳಿಯುವುದೇ ಕಷ್ಟ. ಎರಡನೇ ರೇಸಿನ ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಎಡಗಡೆ ಮೂವತ್ತರ ಹರೆಯದ ಹುಡುಗಿ, ಬಲಗಡೆ ನನ್ನ ವಯಸ್ಸಿನವರೇ ಒಬ್ಬರು. ಇಬ್ಬರ ಚಕ್ರವೂ ಭರ್ರ್ ಅನ್ನುತ್ತಿತ್ತು. ಪರದೆಯಲ್ಲಿ ನಾನು ಆರು ಜನರಲ್ಲಿ ಆರನೆಯವಳು. ನನ್ನ ಸ್ಪ್ಲಿಟ್ 2:06 ತೋರಿಸುತ್ತಿತ್ತು, ಮೈಗೆ ಏನೂ ಆಯಾಸವಿಲ್ಲ. ಹಿಂದೆ ನಿಂತಿದ್ದ ಮಗಳಿಗೆ ನಾನು ಒಂದೇ ಕೆಲಸ ಹೇಳಿದ್ದೆ. ಮೊದಲ 500 ಮುಗಿಯುವವರೆಗೆ ನನ್ನನ್ನು ಹುರಿದುಂಬಿಸಬಾರದು. ಅವಳು ಬಗ್ಗಿ ಕಿವಿಯ ಹತ್ತಿರ "ಅಮ್ಮಾ, ಟವೆಲ್" ಅಂದಳು. ಅಷ್ಟೇ. ನಾನು ಪರದೆ ಬಿಟ್ಟು ಚಕ್ರದ ಸದ್ದು ಕೇಳಿದೆ. ಎರಡು ಉಸಿರು ಬಿಟ್ಟೆ. ಮತ್ತೆ ನೋಡಿದಾಗ 2:15.

ನನ್ನ ಯೋಜನೆ 2:15, 2:14, 2:14, 2:13. ಒಟ್ಟು 8:56. ನಿಮ್ಮ ಯೋಜನೆಯೂ ಹೀಗೇ ಇರಲಿ: ಮೊದಲ 500 ಗುರಿಗಿಂತ ಒಂದು ಸೆಕೆಂಡ್ ನಿಧಾನ, ನಡುವಿನ ಎರಡು ಗುರಿಯಷ್ಟೇ, ಕೊನೆಯದು ಉಳಿದದ್ದೆಲ್ಲ. ಪರದೆಯಲ್ಲಿ ಸರಾಸರಿ ಸ್ಪ್ಲಿಟ್ ಕಾಣುವ ಹಾಗೆ ಇಟ್ಟುಕೊಳ್ಳಿ. ಒಂದೊಂದು ಎಳೆತದ ಅಂಕಿ ಕುಣಿಯುತ್ತದೆ, ಸರಾಸರಿ ನಿಜ ಹೇಳುತ್ತದೆ.

ಎರಡನೇ 500ರಲ್ಲಿ ಉಸಿರನ್ನು ಎಳೆತಕ್ಕೆ ಹೊಂದಿಸಿ. ನೂಕುವಾಗ ಒಮ್ಮೆ ಬಿಡಿ, ವಾಪಸ್ಸು ಹೋಗುವಾಗ ಇನ್ನೊಮ್ಮೆ. ನಾನು 1000 ಮೀಟರ್ ದಾಟಿದಾಗ ನಾಲ್ಕನೆಯವಳಾಗಿದ್ದೆ. ನನ್ನ ಅಂಕಿ ಒಂದಿಷ್ಟೂ ಅಲ್ಲಾಡಿರಲಿಲ್ಲ. ಇಬ್ಬರು ಹಿಂದಕ್ಕೆ ಬಂದಿದ್ದರು.

ಮೂರನೇ 500 ಈ ರೇಸಿನ ನಡುಗಂಬ. ತೊಡೆ ಉರಿಯುತ್ತದೆ. ಮುಗಿಯುವುದು ದೂರ ಇದೆ, ಶುರುವಿನ ಉತ್ಸಾಹ ಹೋಗಿದೆ. ಇಲ್ಲಿ ಮೀಟರ್ ನೋಡಬೇಡಿ, ಎಳೆತ ಎಣಿಸಿ. ಹತ್ತು ಎಳೆತ ಬರೀ ಪಾದದ ಮೇಲೆ ಗಮನ. ಮುಂದಿನ ಹತ್ತು ತೋಳು ಸಡಿಲವಾಗಿದೆಯಾ ಅಂತ. ಮತ್ತೆ ಹತ್ತು ಬೆನ್ನು ನೆಟ್ಟಗಿದೆಯಾ ಅಂತ. ಆರು ಸಲ ಹತ್ತು ಎಣಿಸಿದರೆ 500 ಮೀಟರ್ ಹತ್ತಿರ ಹತ್ತಿರ ಮುಗಿದಿರುತ್ತದೆ. ಮಗಳು ಈಗ ಬಾಯಿ ಬಿಟ್ಟಿದ್ದಳು. "2:13, ಅಮ್ಮಾ. 2:13. ಹಾಗೇ ಇರು."

ಕೊನೆಯ 500ಕ್ಕೆ ರೇಟನ್ನು ಎರಡು ಏರಿಸಿ. 28 ಇದ್ದದ್ದು 30 ಆಗಲಿ. ಕೊನೆಯ 200 ಮೀಟರಿಗೆ 32. ರೇಟ್ ಏರಿಸುವ ಅವಸರದಲ್ಲಿ ಎಳೆತವನ್ನು ಗಿಡ್ಡ ಮಾಡಬೇಡಿ, ವಾಪಸ್ಸು ಹೋಗುವುದನ್ನು ಚುರುಕು ಮಾಡಿ. ನನಗೆ ಆ ಹೊತ್ತಿಗೆ ಪರದೆಯ ಅಂಚು ಮಸುಕಾಗಿತ್ತು, ಅಂಕಿ ಮಾತ್ರ ಕಾಣುತ್ತಿತ್ತು. ಎರಡನೆಯವಳಾಗಿ ಮುಗಿಸಿದೆ.

ಮುಗಿದ ತಕ್ಷಣ ಹ್ಯಾಂಡಲ್ ಕೈಬಿಡಬೇಡಿ, ಅದು ಚೈನಿನ ಜೊತೆ ಹಾರಿಹೋಗಿ ಎದುರಿಗೆ ಬಡಿಯುತ್ತದೆ. ನೆಲದ ಮೇಲೆ ಮಲಗಿಬಿಡುವ ಆಸೆಯಾಗುತ್ತದೆ, ಮಲಗಬೇಡಿ. ತೀರಾ ಹಗುರಕ್ಕೆ ಐದು ನಿಮಿಷ ಎಳೆಯುತ್ತಾ ಇರಿ. ಎದೆ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಮಾತ್ರ ಕೂಡಲೇ ನಿಲ್ಲಿಸಿ ಪಕ್ಕದವರನ್ನು ಕರೆಯಿರಿ. ಆಮೇಲೆ ನೀರು, ಸ್ವಲ್ಪ ಉಪ್ಪು ಹಾಕಿದ ಮಜ್ಜಿಗೆ, ಒಂದು ಗಂಟೆಯೊಳಗೆ ಊಟ. ಮೊಸರನ್ನ ಇದ್ದರೆ ನನಗೆ ಬೇರೇನೂ ಬೇಡ.

ಮನೆಗೆ ಬಂದ ದಿನವೇ ನಾಲ್ಕೂ 500ರ ಅಂಕಿಗಳನ್ನು ಬರೆದಿಡಿ, ಪರದೆಯ ಮೆಮೊರಿಯಲ್ಲಿ ಸಿಗುತ್ತವೆ. ಒಟ್ಟು ಸಮಯ ಒಂದನ್ನೇ ಬರೆದರೆ ಎಲ್ಲಿ ಜಾಸ್ತಿ ಖರ್ಚಾಯಿತು ಅಂತ ಗೊತ್ತಾಗುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ನಿಧಾನದಿಂದ ಶುರು ಮಾಡಿ. ಇವತ್ತು ಬೆಳಿಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಬರೆದ ಸಾಲು: 10,000 ಮೀಟರ್, ರೇಟ್ 19, 2:34, ಟವೆಲ್ ಊಹೆ 2:34.